ಟ್ಯೂಬು ಮುಗಿದ ಮೇಲೆ

ಲ್ಯಾಬಿನ ಹೆಲ್ಪರ್ ಅಂಬಾದಾಸನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮ್ಯಾಗ್ನೆಟ್ಟನ್ನು ತಣ್ಣಗಿಡುವ ಹೀಲಿಯಂ ತುಂಬಿಸುತ್ತ, ದಪ್ಪ ಕೈಗವಸಿನಲ್ಲೇ ಹಣೆಯ ಬೆವರು ಒರೆಸಿಕೊಂಡು, ಅವನು ಹೇಳಿಬಿಟ್ಟ.

"ಮೇಡಂ, ದೇಸಾಯಿ ಸಾಹೇಬ್ರು ಹೊಂಟಾರಂತಲ್ಲ? ಗಾಂಧಿನಗರಕ್ಕ. ಗುಜರಾತಿನ್ಯಾಗ ಹೊಸಾ ನೌಕರಿ, ಒಂದನೇ ತಾರೀಖಿಗೆ ಹಾಜರಾಗಬೇಕಂತ."

ಇಂದೂ ಗೇಜಿನ ಮುಳ್ಳು ನೋಡುತ್ತ ಕೂತಿದ್ದಳು. ಮುಳ್ಳು ಅಲುಗಲಿಲ್ಲ. ಅವಳೂ ಅಲುಗಲಿಲ್ಲ.

"ಯಾರು ಹೇಳಿದ್ರು?"

"ಆಫೀಸಿನ್ಯಾಗ ಎಲ್ಲಾರಿಗೂ ಗೊತ್ತದರಿ. ನಿಮಗ ಗೊತ್ತಿಲ್ಲಾ?" ಎಂದವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ಅರೇ ದೇವಾ," ಎಂದು ಗೊಣಗುತ್ತ ಹೀಲಿಯಂ ಪಾತ್ರೆಯ ಮರೆಗೆ ಸರಿದ.

ಪುಣೆಯ ಹತ್ತಿರ, ದೇಹೂ ರೋಡಿನಾಚೆ ದಂಡಿನವರು ಬಿಟ್ಟುಕೊಟ್ಟ ಹಳೆಯ ಶೆಡ್ಡೊಂದರಲ್ಲಿ ಆ ಲ್ಯಾಬು ಇತ್ತು. ೨೦೦೭ರ ಮೇ ತಿಂಗಳು. ತಗಡಿನ ಮಾಡು ಹೊತ್ತೇರುವ ಮೊದಲೇ ಕಾದು ಹೆಂಚಾಗಿರುತ್ತಿತ್ತು. ಇದ್ದ ಎರಡು ಕೂಲರುಗಳಲ್ಲಿ ಒಂದು ಪವರ್ ಸಪ್ಲೈಗೆ ಮೀಸಲು, ಇನ್ನೊಂದು ಕೆಟ್ಟಿತ್ತು. ಮನುಷ್ಯರ ಸುಖಕ್ಕೆಂದು ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ, ಇಂದೂ ಕೂತಿದ್ದ ಆ ಗಾದಿ ಹಾಕಿದ ಮರದ ಸ್ಟೂಲು.

ಶೆಡ್ಡಿನ ನಡುವೆ, ಎತ್ತರದ ಕಟ್ಟೆಯ ಮೇಲೆ, ಜೈರೋಟ್ರಾನ್ ನಿಂತಿತ್ತು. ಅದೇನೆಂದು ಅವ್ವ ಕೇಳಿದಾಗಲೆಲ್ಲ ಇಂದೂ, "ಮೈಕ್ರೋವೇವ್ ಒಲಿ ಇರ್ತದಲ್ಲ, ಅದರ ದೊಡ್ಡಣ್ಣ," ಎಂದು ಹೇಳಿ ಮುಗಿಸುತ್ತಿದ್ದಳು. ಆಳೆತ್ತರದ ತಾಮ್ರ ಮತ್ತು ಉಕ್ಕಿನ ಕೊಳವೆ ಅದು, ಇವರ ಬಾಯಲ್ಲಿ ಬರೀ ಟ್ಯೂಬು. ಒಳಗೆ ಗಾಳಿಯ ಸುಳಿವೂ ಇರಬಾರದು. ಕೆಳಗಿನ ಗನ್ನಿನಿಂದ ಹೊರಟ ಎಲೆಕ್ಟ್ರಾನುಗಳು ದೊಡ್ಡ ಮ್ಯಾಗ್ನೆಟ್ಟಿನ ನಡುವೆ ಗಿರಗಿರನೆ ತಿರುಗುತ್ತ ಮೇಲೇರಿ, ತಮ್ಮ ಶಕ್ತಿಯನ್ನು ಮಿಲಿಮೀಟರ್ ಅಲೆಗಳಿಗೆ ಧಾರೆಯೆರೆಯಬೇಕು. ಆ ಅಲೆಗಳು ಮೇಲಿನ ಕಿಟಕಿಯಿಂದ ಹೊರಗೆ ಬರಬೇಕು. ಬರಬೇಕು, ಬರಬೇಕು ಎನ್ನುವುದರಲ್ಲೇ ಆರು ವರ್ಷ ಕಳೆದಿತ್ತು.

ಒಳಗಿನ ವ್ಯಾಕ್ಯೂಮ್ ಇಂದೂಳ ಜವಾಬ್ದಾರಿ. ಹೊರಗಿನ ಹೈ ವೋಲ್ಟೇಜು ಪ್ರಲ್ಹಾದ ದೇಸಾಯಿಯದು. ಅವಳು ವಿಜಾಪುರದವಳು, ಅವನು ಬಾಗಲಕೋಟೆಯವನು. ಹೊಸ ಟ್ಯೂಬಿಗೆ ಒಮ್ಮೆಲೇ ಪೂರಾ ವೋಲ್ಟೇಜು ಕೊಟ್ಟರೆ ಒಳಗೆ ಕಿಡಿ ಹಾರಿ ಎಲ್ಲ ಸುಟ್ಟುಹೋಗುತ್ತದೆ. ಅದಕ್ಕೆ ತುಸು ಏರಿಸಬೇಕು, ಕಾಯಬೇಕು, ವ್ಯಾಕ್ಯೂಮ್ ಕೆಟ್ಟರೆ ಇಳಿಸಬೇಕು, ಮತ್ತೆ ಏರಿಸಬೇಕು. ಪ್ರಲ್ಹಾದ ಇದನ್ನು ತಾಲೀಮು ಎನ್ನುತ್ತಿದ್ದ. ಹೀಗೆ ವೋಲ್ಟೇಜು ಬಿಡುವ ಪ್ರತಿ ಶಾಟಿಗೂ ಮೊದಲು ಅವನು "ಬಿಡ್ಲಿ?" ಎಂದು ಕೇಳಬೇಕು. ಇಂದೂ ಗೇಜು ನೋಡಿ "ಬಿಡ್ರಿ" ಎನ್ನದೆ ಅವನು ಕೀಲಿ ತಿರುಗಿಸುವಂತಿರಲಿಲ್ಲ. ಇದು ಲ್ಯಾಬಿನ ಕಾನೂನು.

ಆರು ವರ್ಷದ ಹಿಂದೆ ನಿಗಡಿಯ ಬಸ್ ಸ್ಟಾಪಿನಲ್ಲಿ, ಕೈಯಲ್ಲೊಂದು ಹಾಫ್ ಚಹಾ ಹಿಡಿದುಕೊಂಡು, ಪ್ರಲ್ಹಾದ ಕೇಳಿದ್ದ. "ಇಂದೂ ಅವರ, ನನ್ನನ್ನ ಲಗ್ನಾ ಆಗ್ತೀರೇನು?"

ಹಿಂದಿಲ್ಲ, ಮುಂದಿಲ್ಲ. ಅವಳಿಗೆ ಸಂತೋಷ ಎಷ್ಟಾಯಿತೋ ಗಾಬರಿಯೂ ಅಷ್ಟೇ ಆಗಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದಳು. "ಟ್ಯೂಬು ಮುಗೀಲಿ. ಆಮ್ಯಾಲ ಹೇಳ್ತೀನಿ."

ಆಗ ಟ್ಯೂಬು ಮುಗಿಯಲು ಆರು ತಿಂಗಳು ಸಾಕೆಂದು ಎಲ್ಲರೂ ನಂಬಿದ್ದರು.

ಮೊದಲ ಟ್ಯೂಬಿನ ಕಿಟಕಿ ಬಿರುಕು ಬಿಟ್ಟಿತು. ಎರಡನೆಯದರ ಗನ್ನು ಸತ್ತಿತು. ಹೀಗಾದಾಗಲೆಲ್ಲ ಪ್ರಲ್ಹಾದ ಅವಳ ಕಡೆ ನೋಡಿ, ಎಡಹುಬ್ಬು ತುಸು ಏರಿಸಿ, "ಇನ್ನೂ ಮುಗೀಲಿಲ್ಲಲ್ಲ ಬಾಯಾರ," ಎನ್ನುತ್ತಿದ್ದ. ಅವರ ಕಡೆ ಕನ್ನಡ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಬಾಯಾರು ಎನ್ನುತ್ತಾರೆ. ಅವಳು ಒಂದೊಂದು ಸ್ಕ್ರೂವನ್ನೂ ಮತ್ತೆ ಮತ್ತೆ ತಿರುವಿ ನೋಡುವ ಕಾಟಕ್ಕೆ ಅವನೇ ಇಟ್ಟ ಹೆಸರು. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಬರಬರುತ್ತ ಆ ಹುಬ್ಬು ಏರುವುದು ಕಡಿಮೆಯಾಯಿತು. ಕಳೆದ ಒಂದು ವರ್ಷದಿಂದ ಆ ಮಾತೇ ನಿಂತುಹೋಗಿತ್ತು.

ನಡುವೆ ಎಂದಾದರೂ ಹೌದೆಂದು ಹೇಳಬಹುದಿತ್ತಲ್ಲ ಎನ್ನುವವರು, ಅಂಥ ಮಾತನ್ನು ಮೂವತ್ತೇಳರ ವಯಸ್ಸಿನಲ್ಲಿ ಆಡಿ ನೋಡಲಿ. ಮೊದಮೊದಲು ನಾಚಿಕೆ, ಆಮೇಲೆ ಬಿಗುಮಾನ, ಈಗ ಬರೀ ಹೆದರಿಕೆ. ಅಂದು ಕೇಳಿದವನು ಹುರುಪಿನ ಗಂಡಸು. ಈಗ ಇರುವವನು ಕಿವಿಯ ಬದಿ ನರೆತು, ಜೇಬಿನಲ್ಲಿ ಎಸಿಡಿಟಿ ಗುಳಿಗೆ ಇಟ್ಟುಕೊಂಡು ಓಡಾಡುವ ಮನುಷ್ಯ. ಅವನಿಗೆ ಈಗಲೂ ಮನಸ್ಸಿದೆಯೋ, ಆಡಿದ ಮಾತಿಗೆ ಕಟ್ಟುಬಿದ್ದು ಸುಮ್ಮನೆ ಕಾಯುತ್ತಿದ್ದಾನೋ? ಮರ್ಯಾದೆಗೆ ಕಾಯುವವನಿಗೆ ಹೌದೆಂದು ಹೇಳಿ ಕೊರಳಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು.

ಇವತ್ತು ಗಾಂಧಿನಗರದ ಸುದ್ದಿ ಬಂದು ಉತ್ತರ ಸಿಕ್ಕಂತಾಯಿತು. ಅವನು ಕಾಯುತ್ತಲೂ ಇಲ್ಲ.

ಪ್ರಲ್ಹಾದ ಒಳಗೆ ಬಂದ. ಗಡಿಯಾರ, ಬೀಗದ ಕೈಗಳನ್ನು ಬಾಗಿಲಿನ ಪೆಟ್ಟಿಗೆಯಲ್ಲಿಟ್ಟು, ನೆಲದ ಮೇಲಿನ ಹಳದಿ ಗೆರೆ ದಾಟಿದ. ಆ ಗೆರೆಯೊಳಗೆ ಹೇರ್‌ಪಿನ್ ಕೂಡ ತರುವಂತಿರಲಿಲ್ಲ. ಮ್ಯಾಗ್ನೆಟ್ಟು ಸಿಕ್ಕ ಕಬ್ಬಿಣವನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತಿತ್ತು.

"ವ್ಯಾಕ್ಯೂಮ್ ಹ್ಯಾಂಗದ?"

"ಛಲೋ ಅದ."

"ಗೇಜು?"

"ಅದೂ ಛಲೋ ಅದ."

"ನೀವು?"

"ನಾನೂ ಛಲೋ ಇದ್ದೀನಿ. ಗಾಂಧಿನಗರದಾಗ ಬಿಸಲು ಭಾಳಂತ. ಟೊಪಗಿ ತಗೊಂಡು ಹೋಗ್ರಿ."

ಅವನು ನಿಂತಲ್ಲೇ ನಿಂತ. "ಇವತ್ತ ಹೇಳಾವಿದ್ದೆ."

"ಯಾವಾಗ? ಊಟಕ್ಕ ಮೊದಲೋ, ಊಟ ಆದಮ್ಯಾಲೋ?"

"ಇಂದೂ ಅವರ…"

"ಹೋಗೋದ ಛಲೋ ಆತು ಬಿಡ್ರಿ. ಇಲ್ಲಿ ಏನದ?"

ಅವನು ಜಗಳಕ್ಕೆ ಬರುತ್ತಾನೆಂದು ಕಾದಳು. ಅವನು ಬರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಅವಳ ಮುಖವನ್ನು ಕಡೆಯ ಸಲವೆಂಬಂತೆ ನಿಧಾನವಾಗಿ ನೋಡಿದ.

"ಹೌದು," ಎಂದ. "ಇಲ್ಲಿ ಏನದ." ಕಂಟ್ರೋಲ್ ರೂಮಿನ ಕಡೆ ಹೊರಟುಹೋದ.

ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಈ ಮೂರನೆಯ ಟ್ಯೂಬು ಅವಳನ್ನು ಹಿಂಡಿ ಹಿಪ್ಪೆ ಮಾಡಿತ್ತು. ಕಿಟಕಿಯ ಮುಂದೆ ಫ್ಯಾಕ್ಸ್ ಪೇಪರು ತೂಗುಹಾಕಿ ಶಾಟ್ ಕೊಡುತ್ತಿದ್ದರು. ಬಿಸಿ ತಗುಲಿದಲ್ಲಿ ಕಪ್ಪಾಗುವ ಕಾಗದ ಅದು. ಕಣ್ಣಿಗೆ ಕಾಣದ ಅಲೆ ಅದರ ಮೇಲೆ ತನ್ನ ಗುರುತು ಬಿಡುತ್ತಿತ್ತು. ಒಂದರೊಳಗೊಂದು ದುಂಡನೆಯ ಉಂಗುರ ಬಂದರೆ ಟ್ಯೂಬು ಸರಿಯಿದೆ ಎಂದರ್ಥ. ಫೆಬ್ರವರಿಯಲ್ಲಿ, ಇನ್ನೂ ಕಡಿಮೆ ವೋಲ್ಟೇಜಿದ್ದಾಗ, ಮಸುಕಾದರೂ ದುಂಡನೆಯ ಉಂಗುರಗಳು ಬಂದಿದ್ದವು. ಮಾರ್ಚಿನಲ್ಲಿ ಯಾರ ದೃಷ್ಟಿ ತಾಗಿತೋ, ಒಂದೇ ಮಗ್ಗುಲು ಕರಕಾಗಿ ಬರತೊಡಗಿತು. "ಹೊತ್ತಿದ ಭಕ್ಕರಿ," ಎಂದಿದ್ದ ಅಂಬಾದಾಸ, ಸೀದ ರೊಟ್ಟಿಯ ಹಾಗೆ ಕಾಣುತ್ತಿದ್ದುದಕ್ಕೆ. ಟ್ಯೂಬನ್ನು ಕೂದಲೆಳೆಯಷ್ಟು ಅತ್ತ ಸರಿಸಿದರು, ಇತ್ತ ಸರಿಸಿದರು. ಭಕ್ಕರಿ ಹೊತ್ತುತ್ತಲೇ ಇತ್ತು. ಇದೇ ಕೊನೆಯ ಹೀಲಿಯಂ, ತಿಂಗಳ ಕೊನೆಗೆ ಶೆಡ್ಡಿಗೆ ಬೀಗ ಎಂದು ಲ್ಯಾಬಿನ ದೊಡ್ಡ ಸಾಹೇಬರು ಹೇಳಿಯಾಗಿತ್ತು.

ಅಂಬಾದಾಸ ಊಟಕ್ಕೆ ಹೋದ. ಇಂದೂ ಎದ್ದು, ಯಾರ ಮೇಲಿನ ಸಿಟ್ಟೋ, ಸ್ಟೂಲನ್ನು ಕಾಲಿನಿಂದ ಕಟ್ಟೆಯ ಅಡಿಗೆ ನೂಕಿದಳು. ಶಾಟಿನ ಹೊತ್ತಿಗೆ ಎಲ್ಲರೂ ಹೊರಗೆ ಹೋಗುವಾಗ ಅದನ್ನು ಇಡುವ ಜಾಗ ಅದು, ಗನ್ನಿನ ಮಗ್ಗುಲು. ನೂಕಿದ್ದು ಅಡ್ಡಾದಿಡ್ಡಿಯಾಗಿ ಹೋಗಿ ಒಂದು ಕಂಬಕ್ಕೆ ತಾಗಿತು. ತುಸು ತಡೆದು, ತಾನಾಗಿಯೇ ಗನ್ನಿನ ಕಡೆಗೆ ವಾಲಿ, ಸರಿದು ಕೂತಿತು.

ಇದು ಹೊಸದೇನಲ್ಲ. ನೆಲ ಆ ಕಡೆ ಇಳಿಜಾರಿದೆ ಎಂದುಕೊಂಡು ಅವಳು ಎರಡು ತಿಂಗಳಿಂದ ಸುಮ್ಮನಿದ್ದಳು. ಇವತ್ತು ಜಗಳವಾಡಲು ಮನುಷ್ಯರು ಯಾರೂ ಸಿಗಲಿಲ್ಲವಾದ್ದರಿಂದ ನೆಲದ ಜೊತೆಗೇ ಜಗಳ ತೆಗೆದಳು. ಜೇಬಿನ ಪೆನ್ಸಿಲನ್ನು ನೆಲದ ಮೇಲಿಟ್ಟಳು. ಪೆನ್ಸಿಲ್ ಉರುಳಲಿಲ್ಲ. ಇನ್ನೊಂದು ಕಡೆ ಇಟ್ಟಳು. ಅಲ್ಲೂ ಉರುಳಲಿಲ್ಲ.

ನೆಲ ಸಮವಾಗಿತ್ತು.

ಅವಳು ಸ್ಟೂಲಿನ ಕಾಲು ಹಿಡಿದು ಜಗ್ಗಿದಳು. ಅದು ಹಗ್ಗ ಕಟ್ಟಿದ ಕರುವಿನಂತೆ ಹಿಂದಕ್ಕೆ ಜಗ್ಗಿತು. ಅವಳು ಅದನ್ನು ಹಳದಿ ಗೆರೆಯಾಚೆ ಎಳೆದುಕೊಂಡು ಹೋಗಿ, ಬೆಂಚಿನ ಮೇಲೆ ಬೋರಲು ಹಾಕಿ, ಗಾದಿಯ ಮೊಳೆ ಕಿತ್ತಳು. ಎಲ್ಲ ಹಿತ್ತಾಳೆ ಮೊಳೆಗಳು. ಒಳಗೆ ಹತ್ತಿ, ನಾರು. ಅದರ ಕೆಳಗೆ, ಕೂತವರ ಭಾರಕ್ಕೆ ಹಲಗೆ ಬಾಗದಿರಲೆಂದು ಬಡಿಗ ಪುಣ್ಯಾತ್ಮ ಅಡ್ಡಡ್ಡ ಬಡಿದ ಎರಡು ದಪ್ಪ ಕಬ್ಬಿಣದ ಪಟ್ಟಿ.

ಗನ್ನಿನ ಮಗ್ಗುಲಲ್ಲೇ ಕಬ್ಬಿಣ ಇಟ್ಟುಕೊಂಡು, ಎಲೆಕ್ಟ್ರಾನುಗಳು ಯಾಕೆ ಸೊಟ್ಟ ಹೋಗುತ್ತವೆ ಎಂದು ಇವರು ಎರಡು ತಿಂಗಳು ತಲೆ ಕೆರೆದುಕೊಂಡಿದ್ದರು! ಹಳೆಯ ಸ್ಟೂಲು ಮುರಿದದ್ದು ಮಾರ್ಚಿನಲ್ಲಿ. ಇದು ಬಂದದ್ದು ಅದರ ಮರುವಾರ. ಸ್ಟೋರಿನವರು ಕಳಿಸಿರಬೇಕೆಂದು ಅವಳು ತಿಳಿದಿದ್ದಳು. ಇದು ಬಂದ ಮೇಲೆ ಅವಳ ಸೊಂಟದ ನೋವೂ ಕಡಿಮೆಯಾಗಿತ್ತು.

ಅವಳು ಕೈಯಲ್ಲಿದ್ದ ರೆಕ್ಸಿನ್ ತಿರುವಿ ನೋಡಿದಳು. ಗಾಢ ಹಸಿರು. ಅಂಚಿಗೆ ಬಿಳಿ ಪೈಪಿಂಗ್. ಎರಡು ತಿಂಗಳು ಇದರ ಮೇಲೆ ಕೂತವಳು ಇದನ್ನು ಸರಿಯಾಗಿ ನೋಡಿರಲೇ ಇಲ್ಲ. ಆದರೆ ಈ ಬಣ್ಣ, ಈ ಅಂಚು ಅವಳಿಗೆ ಗೊತ್ತಿತ್ತು. ದಿನಾ ಸಂಜೆ ಸ್ಟಾಫ್ ಬಸ್ಸಿನ ಕಿಟಕಿಯಿಂದ ಅವಳು ನೋಡುತ್ತಿದ್ದದ್ದು ಇದನ್ನೇ. ಪ್ರಲ್ಹಾದನ ಚೇತಕ್ ಸ್ಕೂಟರಿನ ಸೀಟು. ಮಾರ್ಚಿನಲ್ಲಷ್ಟೇ ಅವನು ಹೊಸ ಕವರ್ ಹಾಕಿಸಿದ್ದ. ಉಳಿದ ತುಂಡು ಇಲ್ಲಿತ್ತು.

ಆಗ ಅವಳಿಗೆ ನಗು ಬಂತು. ನಗುತ್ತ ನಗುತ್ತ ಬೆಂಚಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಬೆಳಗಿನಿಂದ ಬಾರದ ಅಳು ಅದರ ಬೆನ್ನಿಗೇ ಬಂತು.

ಕಂಟ್ರೋಲ್ ರೂಮಿನಲ್ಲಿ ಪ್ರಲ್ಹಾದ ಡಬ್ಬಿ ಬಿಚ್ಚಿ, ತಿನ್ನದೆ ಕೂತಿದ್ದ. ಅವಳು ಒಂದು ಕಬ್ಬಿಣದ ಪಟ್ಟಿ ಕಿತ್ತು ತಂದು ಅವನ ಮುಂದೆ ಠಣ್ಣೆಂದು ಇಟ್ಟಳು.

"ಇದೇನು?"

"ಹೊತ್ತಿದ ಭಕ್ಕರಿ." ಅದರ ಪಕ್ಕ ಹಸಿರು ರೆಕ್ಸಿನ್ ಇಟ್ಟಳು. "ಸ್ಟೋರಿನವರು ಸ್ಕೂಟರ್ ಸೀಟಿನ ಅರಬಿ ಯಾವಾಗಿಂದ ಕೊಡ್ಲಿಕ್ಕೆ ಹತ್ಯಾರ, ದೇಸಾಯರ?"

ಅವನು ಪಟ್ಟಿ ನೋಡಿದ, ರೆಕ್ಸಿನ್ ನೋಡಿದ. ಅರ್ಥವಾಗುತ್ತ ಹೋದಂತೆ ಅವನ ಕಿವಿಗಳು ಕೆಂಪಗಾದವು. ನರೆಗೂದಲಿನ ಕೆಳಗೆ ಕೆಂಪು ಕಿವಿ ಚೆಂದ ಕಾಣುತ್ತದೆಂದು ಇಂದೂಳಿಗೆ ಆ ಸಂಕಟದಲ್ಲೂ ಅನ್ನಿಸಿತು.

"ನಡಾ ನೋಯ್ತದಂತ ಒಮ್ಮಿ ಅಂದಿದ್ರಿ," ಎಂದ. "ಬಡಿಗ್ಯಾಗ ಹತ್ತು ಸರ್ತಿ ಹೇಳಿದ್ದೆ, ಕಬ್ಬಿಣ ಬ್ಯಾಡ, ಎಲ್ಲಾ ಹಿತ್ತಾಳಿ ಇರ್ಲಿ ಅಂತ. ಸಣ್ಣ ಮ್ಯಾಗ್ನೆಟ್ ಒಯ್ದು ಕಾಲೆಲ್ಲಾ ತಿಕ್ಕಿ ನೋಡಿದ್ದೆ."

"ಗಾದಿ ನೋಡಿದ್ರೇನು?"

"ಗಾದಿ…" ಅವನು ರೆಕ್ಸಿನ್ ಮೇಲೆ ಬೆರಳಾಡಿಸಿದ. "ನೋಡಿದೆ. ಮ್ಯಾಗ್ನೆಟ್ ಹತ್ತಲಿಲ್ಲ. ಮೆತ್ತಗಿರ್ಲಿ, ಭಾಳ ದಪ್ಪ ಹಾಕು ಅಂತ ನಾನ ಹೇಳಿದ್ದೆ."

"ಟ್ಯೂಬು ಮುಗೀಬಾರ್ದು ಅಂತ ಬೇಕಂತನ ಮಾಡಿದ್ರೇನು?"

"ನಾನ್ಯಾಕ ಹಂಗ ಮಾಡ್ಲಿ?" ಪ್ರಲ್ಹಾದ ತಲೆಯೆತ್ತಿದ. "ಅದು ಮುಗದ್ರ ಉತ್ತರ ಸಿಗೋದು ನನಗ."

ಗೋಡೆಯಾಚೆ ಪಂಪು ಗುಂಯ್ ಎನ್ನುತ್ತಿತ್ತು. ಅವಳು ಕುರ್ಚಿ ಎಳೆದು ಎದುರು ಕೂತಳು.

"ಅದು ನಿಮಗ ನೆನಪದ ಅಂತ ನನಗ ಗೊತ್ತಿರಲಿಲ್ಲ."

"ಮರೀಲಿಕ್ಕೆ ನೋಡಿದೆ. ಆಗಲಿಲ್ಲ." ಅವನು ಡಬ್ಬಿಯ ಮುಚ್ಚಳ ಮುಚ್ಚಿದ. "ಕಾಯೋದು ತ್ರಾಸಲ್ಲ, ಇಂದೂ ಅವರ. ಟ್ಯೂಬಿನ ಹೆಸರು ಹೇಳಿ ನನ್ನ ದೂರ ಇಡ್ಲಿಕ್ಕೆ ಹತ್ತೀರೇನೋ, ನಾ ಇಲ್ಲಿ ಕೂತು ನಿಮಗ ಭಾರ ಆಗೀನೇನೋ, ಇದು ತ್ರಾಸು. ಅದಕ್ಕ ಗಾಂಧಿನಗರಕ್ಕ ಹೂಂ ಅಂದೆ. ದಣದೀನಿ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಂಬಾದಾಸ ಓಡಿಬಂದ. "ಮೇಡಂ, ಸಾಹೇಬ್! ಹೀಲಿಯಂ ಭರಾಭರಾ ಇಳೀಲಿಕ್ಕೆ ಹತ್ಯದ. ಸಂಜೀತನಕ ಉಳಿಯಂಗಿಲ್ಲ. ಶಾಟ್ ಕೊಡೋದಿದ್ರ ಈಗ ಕೊಡ್ರಿ!"

ಟ್ಯೂಬನ್ನು ಫೆಬ್ರವರಿಯಲ್ಲಿದ್ದ ಜಾಗಕ್ಕೆ ತಂದು ಕೂರಿಸುವಷ್ಟರಲ್ಲಿ ಮೂವರ ಅಂಗಿಯೂ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಇಂದೂ ಕೆಳಗಿಂದ ಅಳತೆ ಓದಿದಳು, ಪ್ರಲ್ಹಾದ ಮೇಲೆ ಸ್ಕ್ರೂ ತಿರುಗಿಸಿದ. "ತುಸು ಎಡಕ್ಕ. ಸಾಕು. ಇನ್ನೊಂಚೂರು." ಇಡೀ ಹೊತ್ತು ಅವರು ಆಡಿದ್ದು ಇಂಥವೇ ಮಾತು. ಆರು ವರ್ಷ ಆಡಿದ್ದೂ ಹೆಚ್ಚುಕಡಿಮೆ ಇಂಥವೇ. ಅಂಬಾದಾಸ ಕಾಗದ ತೂಗುಹಾಕಿ, ಗೇಟು ಮುಚ್ಚಿ, ಸೈರನ್ನಿನ ಹತ್ತಿರ ಹೋಗಿ ನಿಂತ.

ಕಂಟ್ರೋಲ್ ರೂಮಿನಲ್ಲಿ ಇಬ್ಬರೇ. ಪ್ರಲ್ಹಾದನ ಕೈ ಕೀಲಿಯ ಮೇಲಿತ್ತು. ಇಂದೂ ಗೇಜು ನೋಡುತ್ತಿದ್ದಳು. ಉಂಗುರ ಬಂದ ಮೇಲೆ ಹೌದೆಂದರೆ ಅದು ಟ್ಯೂಬು ಆಡಿಸಿದ ಮಾತಾದೀತು. ಉಂಗುರ ಬಾರದಿದ್ದರೆ ಇವನು ಉತ್ತರವಿಲ್ಲದೆ ರೈಲು ಹತ್ತಿಯಾನು. ಅವಳಿಗೆ ಎರಡೂ ಬೇಡವಾಗಿತ್ತು.

"ವ್ಯಾಕ್ಯೂಮ್?"

"ಛಲೋ ಅದ."

"ಬಿಡ್ಲಿ?"

"ತಡೀರಿ."

ಅವನು ತಿರುಗಿ ನೋಡಿದ. ಅವಳು ಗೇಜಿನಿಂದ ಕಣ್ಣು ತೆಗೆದು ಅವನನ್ನೇ ನೋಡಿದಳು. ಶಾಟಿಗೆ ಮೊದಲು ಅವಳು ಹಾಗೆ ಮಾಡಿದ್ದೇ ಇಲ್ಲ.

"ಹೌದು," ಎಂದಳು.

"ಏನು ಹೌದು?"

"ನಿಗಡಿ ಬಸ್ ಸ್ಟಾಪಿನ್ಯಾಗ ಕೇಳಿದ್ರಲ್ಲ, ಅದಕ್ಕ. ಕಾಗದದ ಮ್ಯಾಲ ಉಂಗುರ ಬರ್ಲಿ, ಹೊತ್ತಿದ ಭಕ್ಕರಿ ಬರ್ಲಿ, ಹೌದು. ಟ್ಯೂಬು ಮುಗೀದಿದ್ರೂ ಹೌದು. ಅವತ್ತೂ ಹೌದ ಇತ್ತು, ಹೇಳ್ಲಿಕ್ಕೆ ಧೈರ್ಯ ಇರಲಿಲ್ಲ." ಅವಳು ಗೇಜಿನ ಕಡೆ ತಿರುಗಿಕೊಂಡಳು. "ಈಗ ಬಿಡ್ರಿ."

ಕೀಲಿ ತಿರುಗಲಿಲ್ಲ. ಇಂಟರ್‌ಕಾಮಿನಲ್ಲಿ ಅಂಬಾದಾಸ ಕೂಗಿದ. "ಸಾಹೇಬ್, ಕಾಯ್ ಝಾಲಂ, ಏನಾತು? ಶಾಟ್ ಎಲ್ಲದ?"

ಪ್ರಲ್ಹಾದ ಕೀಲಿ ಹಿಡಿದುಕೊಂಡು ಅವಳನ್ನೇ ನೋಡುತ್ತ ಕೂತಿದ್ದ. ಕನ್ನಡಕದ ಹಿಂದೆ ಕಣ್ಣು ತುಂಬಿತ್ತು.

"ದೇಸಾಯರ," ಎಂದಳು ಮೆಲ್ಲಗೆ, "ಬಿಡ್ರಿ ಅಂದೆ."

"ಹಾಂ. ಹಾಂ."

ಸೈರನ್ ಕೂಗಿತು. ಕೀಲಿ ತಿರುಗಿತು. ಗೋಡೆಯಾಚೆ ಢಬ್ ಎಂದು ಒಂದು ಸಣ್ಣ ಸದ್ದಾಯಿತು, ಅಷ್ಟೇ.

ಅಂಬಾದಾಸ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮೂರು ಉಂಗುರಗಳು, ಒಂದರೊಳಗೊಂದು, ಕಪ್ಪಗೆ, ದುಂಡಗೆ. ಇಂದೂ ಅದನ್ನು ಬೆಳಕಿಗೆ ಹಿಡಿದಳು. "ಬಲಗಡೆ ಒಂಚೂರು ಮಸುಕದ."

"ಬಾಯಾರ," ಎಂದ ಪ್ರಲ್ಹಾದ, "ಇವತ್ತೊಂದ ದಿವಸ ಪೂರಾ ಮಾರ್ಕ್ಸ್ ಕೊಟ್ಟುಬಿಡ್ರಿ."

ಒಂದು ವರ್ಷದ ಮೇಲೆ ಆ ಹೆಸರು ಕೇಳಿ ಅವಳಿಗೆ ಕಾಗದ ಕಾಣಿಸದಾಯಿತು. ಅಂಬಾದಾಸ ಇಬ್ಬರನ್ನೂ ಬಿಟ್ಟು ದೊಡ್ಡ ಸಾಹೇಬರಿಗೆ ಫೋನ್ ಮಾಡಲು ಓಡಿದ.

ಹೀಲಿಯಂ ತೀರಿ ಮ್ಯಾಗ್ನೆಟ್ ಆರಿಸುವುದರೊಳಗೆ ಇನ್ನೂ ನಾಲ್ಕಾರು ಶಾಟ್ ಕೊಟ್ಟರು. ಎಲ್ಲದರಲ್ಲೂ ಉಂಗುರ ಬಂತು. ದೊಡ್ಡ ಸಾಹೇಬರು ಬಂದು ಬೆನ್ನು ತಟ್ಟಿ ಹೋದರು. ಖುಷಿಪಡುವುದನ್ನು ನಾಳೆ ನೋಡೋಣ ಎನ್ನುವಷ್ಟು ದಣಿದ ಇಬ್ಬರೂ ಹಾಫ್ ಚಹಾ ಹಿಡಿದು ವರಾಂಡಕ್ಕೆ ಬಂದರು. ಅವಳು ಗಾದಿ ಕಿತ್ತ ಸ್ಟೂಲಿನ ಮೇಲೆ ಕೂತಳು, ಅವನು ಮೆಟ್ಟಿಲ ಮೇಲೆ, ಗೋಡೆಗೆ ಒರಗಿ. ಗ್ಲಾಸು ಕೊಡುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಎಷ್ಟೋ ಸಲ ಸ್ಪಾನರ್ ಕೊಡುವಾಗ ತಾಗಿದ ಬೆರಳೇ. ಈ ಸಲ ಇಬ್ಬರೂ ಬೇಗ ತೆಗೆಯಲಿಲ್ಲ.

"ಗಾಂಧಿನಗರಕ್ಕ ಹೋಗಲೇಬೇಕು," ಎಂದ ಪ್ರಲ್ಹಾದ. "ಹೂಂ ಅಂದುಬಿಟ್ಟೀನಿ."

"ಹೋಗ್ರಿ. ನಾ ಇಲ್ಲಿ ರಿಪೋರ್ಟ್ ಮುಗಿಸಿ ಬರ್ತೀನಿ."

ಅವನು ಗ್ಲಾಸು ಕೆಳಗಿಟ್ಟ. ಎಡಹುಬ್ಬು ಮೆಲ್ಲಗೆ ಮೇಲೇರಿತು.

"ಮುಗಿಸಿ?"

ಇಂದೂ ನಾಲಿಗೆ ಕಚ್ಚಿಕೊಂಡಳು. ಆಮೇಲೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. "ಬ್ಯಾಡ. ಮುಗಿಸದ ಬರ್ತೀನಿ. ಅಲ್ಲೇ ಕೂತು ಬರದ್ರಾತು. ಸ್ಟೂಲು ಮಾತ್ರ ನೀವ ಹೊತ್ಕೊಂಡು ಬರ್ರಿ."

"ಇನ್ನೊಂದು ಕಬ್ಬಿಣದ ಪಟ್ಟೀನೂ ತಗಸಿ ತರ್ತೀನಿ."

"ಇರ್ಲಿ ಬಿಡ್ರಿ. ಮನ್ಯಾಗೇನು ಗನ್ನಿಲ್ಲ."

ಅವನು ನಕ್ಕ. ನಗುತ್ತಲೇ ಕಣ್ಣು ಮುಚ್ಚಿದ. ಅವ್ವನಿಗೆ ಹೇಗೆ ಹೇಳಬೇಕು, ಯಾವಾಗ ಹೇಳಬೇಕು ಎಂದು ಅವಳು ಶುರುಮಾಡಿ ಸ್ವಲ್ಪ ಹೊತ್ತಿನ ಮೇಲೆ ತಿರುಗಿ ನೋಡಿದರೆ, ಅವನು ಗೋಡೆಗೆ ತಲೆಯಿಟ್ಟು ನಿದ್ದೆ ಹೋಗಿದ್ದ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಇಂದೂ ಅದನ್ನು ಮೆಲ್ಲಗೆ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು.

ಸ್ಟಾಫ್ ಬಸ್ಸು ಗೇಟಿನಲ್ಲಿ ಹಾರ್ನ್ ಹೊಡೆಯಿತು. ಕಿಟಕಿಯಿಂದ ಅಂಬಾದಾಸ, "ಮೇಡಂ, ಬಸ್ಸು!" ಎಂದು ಕೂಗಿದ. ಅವಳು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಹೋಗಿರೆಂದು ಸನ್ನೆ ಮಾಡಿದಳು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಇಳಿದ ಮೇಲೆ ಬೇವಿನ ಮರದ ಕೆಳಗೆ ಚೇತಕ್ ಸ್ಕೂಟರು ಕಾಣಿಸಿತು. ಅದರ ಹಸಿರು ಸೀಟಿನಲ್ಲಿ ಇಬ್ಬರಿಗೆ ಜಾಗವಿತ್ತು.